ಗಿರಣಿ ಪಕ್ಕದ ಮನೆಯಿಂದ, ದುರ್ಗದ ಗೆಳೆಯನಿಗೆ

ದಾವಣಗೆರೆ
ಶನಿವಾರ ರಾತ್ರಿ

ದೋಸ್ತಾ,

ಮೊನ್ನೆ ಫೋನ್ ಮಾಡಿ, "ಸದ್ದು ತಡೆಯೋ ಹೆಡ್‌ಫೋನ್ ತಗೋಬೇಕು ಕಣೋ, ಯಾವುದು ಚೆನ್ನಾಗಿದೆ, ಒಂದೇ ಮಾತಲ್ಲಿ ಹೇಳು" ಅಂದೆ. ಒಂದೇ ಮಾತಲ್ಲಿ ಹೇಳೋಕೆ ಹೋಗಿ ನಾನು ಇಪ್ಪತ್ತು ನಿಮಿಷ ತಿಂದೆ. ಅಷ್ಟರಲ್ಲಿ ನಿನ್ನ ಬಸ್ಸು ಬಂತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಇದನ್ನೇ ಇನ್ನೂ ಮೂರ್ನಾಲ್ಕು ಜನ ಕೇಳಿದ್ದಾರೆ, ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ಹೆದರಬೇಡ, ನಿನ್ನ ಗುಟ್ಟೇನೂ ಬರೆದಿಲ್ಲ. ಬಸ್ಸಲ್ಲಿ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತೀಯಲ್ಲ, ಅದೊಂದು ಮಾತ್ರ ಮುಂದೆ ಬರುತ್ತದೆ.

ನಮ್ಮ ಮನೆ ನಿನಗೆ ಗೊತ್ತಲ್ಲ. ಗೋಡೆಗೆ ಗೋಡೆ ಹತ್ತಿಕೊಂಡು ಹಿಟ್ಟಿನ ಗಿರಣಿ. ಬೆಳಿಗ್ಗೆ ಒಂಬತ್ತಕ್ಕೆ ಮೋಟಾರು ಹಾಕಿದರೆ ಊಟದ ಹೊತ್ತಿಗೆ ಒಂದು ಗಂಟೆ ಬಿಡುವು. ಆಮೇಲೆ ರಾತ್ರಿ ಎಂಟರವರೆಗೆ ಗುಂಯ್ ಅಂತ ಒಂದೇ ಸಮ. ಜೋಳಕ್ಕೆ ಒಂದು ಸದ್ದು, ರಾಗಿಗೆ ಇನ್ನೊಂದು. ಖಾರದ ಪುಡಿ ಮಾಡುವ ದಿನ ಸದ್ದಿನ ಜೊತೆ ಸೀನೂ ಬರುತ್ತದೆ. ನನ್ನ ಮೇಜಿನ ಮೇಲೆ ನೀರಿನ ಲೋಟ ಇಟ್ಟರೆ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತವೆ. ಹುಟ್ಟಿದಾಗಿಂದ ಇದೇ ಮನೆ, ಹಾಗಾಗಿ ಆ ಸದ್ದು ನನಗೆ ಸದ್ದು ಅಂತ ಅನ್ನಿಸಿರಲೇ ಇಲ್ಲ. ಮನೆಯಿಂದ ಕೆಲಸ ಶುರುವಾದ ಮೇಲೆ ಗೊತ್ತಾಯಿತು. ನನ್ನದು ಕೇಳುವ ಕೆಲಸ. ಗ್ರಾಹಕರು ಮಾತಾಡಿದ ರೆಕಾರ್ಡಿಂಗ್ ಕೇಳಿ, ಎಲ್ಲಿ ಏನು ತಪ್ಪಾಯಿತು ಅಂತ ಬರೆಯಬೇಕು. ಅತ್ತ ಯಾರೋ ಅಳು ಬರೋ ಹಾಗೆ "ನನ್ನ ದುಡ್ಡು ಬಂದಿಲ್ಲ" ಅನ್ನುತ್ತಿದ್ದರೆ ಇತ್ತ ಎರಡು ಸೇರು ಜೋಳ ಬೀಸುತ್ತಿರುತ್ತದೆ. ವಾಲ್ಯೂಮ್ ಏರಿಸುವುದು, ಸಂಜೆ ಹೊತ್ತಿಗೆ ತಲೆ ಹಿಡಿದುಕೊಂಡು ಕೂರುವುದು, ಇದೇ ಆಗಿತ್ತು.

ಮೊದಲ ಸಲ ಟೋಪಿ ಹಾಕಿಸಿಕೊಂಡೆ. ಊರಿನ ಅಂಗಡಿಯೊಂದರಲ್ಲಿ "ನಾಯ್ಸ್ ಕ್ಯಾನ್ಸಲಿಂಗ್ ಕೊಡಿ" ಅಂದೆ. ಹುಡುಗ ಒಂದು ಡಬ್ಬ ತೆಗೆದು ತೋರಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ಇ.ಎನ್.ಸಿ. ಅಂತಿತ್ತು. ಎರಡು ಸಾವಿರದೊಳಗೆ ಬಂತಲ್ಲ ಅಂತ ಖುಷಿಯಿಂದ ತಂದು ಹಾಕಿಕೊಂಡರೆ ಗಿರಣಿ ಇದ್ದಲ್ಲೇ ಇತ್ತು. ಆಮೇಲೆ ತಿಳಿಯಿತು. ಇ.ಎನ್.ಸಿ. ಅನ್ನುವುದು ಮೈಕಿಗೆ ಸಂಬಂಧಪಟ್ಟದ್ದು. ನೀನು ಕಾಲ್‌ನಲ್ಲಿ ಮಾತಾಡುವಾಗ ನಿನ್ನ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕಡಿಮೆ ಕೇಳುತ್ತದೆ. ಅಂದರೆ ನಾನು ದುಡ್ಡು ಕೊಟ್ಟಿದ್ದು ಬೇರೆಯವರ ಕಿವಿಗೆ! ನಮ್ಮ ಕಿವಿಗೆ ಬೇಕಾದ್ದು ಎ.ಎನ್.ಸಿ. ಒಂದು ಅಕ್ಷರದ ವ್ಯತ್ಯಾಸ. ಡಬ್ಬದ ಮೇಲೆ ಇದನ್ನು ಕಣ್ಣಿಟ್ಟು ಓದು. ಉಳಿದದ್ದೆಲ್ಲ ಆಮೇಲೆ.

ಎ.ಎನ್.ಸಿ. ಕೆಲಸ ಮಾಡುವ ಬಗೆ ಜೋಕಾಲಿಯ ಹಾಗೆ. ಜೋಕಾಲಿ ಮುಂದೆ ಬರುವಾಗ ಎದುರಿನಿಂದ ಅಷ್ಟೇ ಬಲವಾಗಿ ತಳ್ಳಿದರೆ ನಿಂತುಬಿಡುತ್ತದೆ, ಅಲ್ವಾ? ಸದ್ದು ಅಂದರೆ ಗಾಳಿಯ ನೂಕಾಟ, ಎಳೆದಾಟ. ಹೆಡ್‌ಫೋನಿನ ಹೊರಗಿನ ಪುಟ್ಟ ಮೈಕುಗಳು ಗಿರಣಿಯ ನೂಕಾಟವನ್ನು ಕೇಳಿಸಿಕೊಳ್ಳುತ್ತವೆ, ಒಳಗಿನ ಚಿಪ್ಪು ಅದಕ್ಕೆ ಸರಿಯಾಗಿ ತಿರುವು ಮುರುವಾದ ಅಲೆಯನ್ನು ಸ್ಪೀಕರಿನಿಂದ ಬಿಡುತ್ತದೆ. ಅದು ನೂಕಿದಾಗ ಇದು ಎಳೆಯುತ್ತದೆ. ಎರಡೂ ಕೂಡಿ ಸೊನ್ನೆಯ ಹತ್ತಿರ ಬರುತ್ತದೆ. ಒಳ್ಳೆಯವುಗಳಲ್ಲಿ ಕಿವಿಯ ಕಡೆಗೂ ಒಂದು ಮೈಕಿರುತ್ತದೆ, ಎಷ್ಟು ಉಳಿಯಿತು ಅಂತ ನೋಡಿ ತಿದ್ದಲಿಕ್ಕೆ. ಆದರೆ ಇದು ಚೆನ್ನಾಗಿ ನಡೆಯುವುದು ದಪ್ಪ ದನಿಯ, ಒಂದೇ ಸಮನೆ ಬರುವ ಸದ್ದಿಗೆ ಮಾತ್ರ. ಗಿರಣಿ, ಫ್ಯಾನು, ಬಸ್ಸಿನ ಇಂಜಿನ್, ಏಸಿ. ಸೀಟಿಯಂಥ ಕೀರಲು ದನಿಯನ್ನು ತಡೆಯುವುದು ಕಿವಿ ಮುಚ್ಚುವ ಮೆತ್ತೆಯೇ ಹೊರತು ಚಿಪ್ಪಲ್ಲ. ಇವೆರಡರ ನಡುವೆ ಸಿಕ್ಕಿಕೊಂಡದ್ದು ಮನುಷ್ಯರ ಮಾತು. ಅದು ಸಣ್ಣಗೆ ನುಸುಳಿ ಬಂದೇ ಬರುತ್ತದೆ.

ಈ ಯೋಚನೆಯನ್ನು ಮಾರುಕಟ್ಟೆಗೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ಇಂಜಿನಿಯರ್ ಅಮರ್ ಬೋಸ್. ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುವಾಗ, ಅಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ ಸದ್ದಿಗೆ ಸಂಗೀತ ಕೇಳಿಸದೆ, ಕೂತಲ್ಲೇ ಲೆಕ್ಕ ಹಾಕಲು ಶುರು ಮಾಡಿದರು. ಪೈಲಟ್‌ಗಳಿಗೆ ಅಂತ ಅವರ ಕಂಪನಿ ಹೆಡ್‌ಸೆಟ್ ಮಾರಿದ್ದು 1989ರಲ್ಲಿ. ನಮ್ಮಂಥವರ ಕೈಗೆ ಬಂದಿದ್ದು 2000ದಲ್ಲಿ. ಅವರ ತೊಂದರೆ ವಿಮಾನದ ಇಂಜಿನ್, ನನ್ನ ತೊಂದರೆ ಜೋಳದ ಹಿಟ್ಟು. ಚಿಪ್ಪಿಗೆ ಎರಡೂ ಒಂದೇ.

ನನ್ನದು ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್. ಎರಡು ವರ್ಷವಾಯಿತು. ಬಂದ ದಿನ ಮಧ್ಯಾಹ್ನ ಮೂರು ಗಂಟೆಗೆ ಹಾಕಿ, ಬಟನ್ ಒತ್ತಿದೆ. ಯಾರೋ ಕೋಣೆಯಿಂದ ಗಿರಣಿಯನ್ನು ಎತ್ತಿಕೊಂಡು ಹೋದ ಹಾಗಾಯಿತು. ಕರೆಂಟ್ ಹೋಯಿತಾ ಅಂತ ಫ್ಯಾನ್ ನೋಡಿದೆ, ತಿರುಗುತ್ತಿತ್ತು. ಲೋಟದ ನೀರು ನೋಡಿದೆ. ಉಂಗುರ ಏಳುತ್ತಲೇ ಇದ್ದವು, ಸದ್ದೊಂದೇ ಇಲ್ಲ. ಕಿವಿಯಲ್ಲಿ ಸ್ವಲ್ಪ ಒತ್ತಿದ ಹಾಗೆ, ಘಾಟಿ ಇಳಿಯುವಾಗ ಆಗುತ್ತದಲ್ಲ ಹಾಗೆ ಅನ್ನಿಸಿತು. ಎರಡು ಮೂರು ದಿನದಲ್ಲಿ ಅದು ರೂಢಿಯಾಯಿತು. ಕೆಲವರಿಗೆ ಆಗುವುದೇ ಇಲ್ಲವಂತೆ, ತಲೆ ಸುತ್ತುತ್ತದೆ ಅನ್ನುತ್ತಾರೆ. ಅದಕ್ಕೇ ಕೊಳ್ಳುವ ಮೊದಲು ಹಾಕಿ ನೋಡಬೇಕು.

ಅವ್ವನಿಗೆ ಮಾತ್ರ ಇದು ಬಂದಾಗಿಂದ ಸಿಟ್ಟು. "ಬಾಗಿಲಲ್ಲಿ ನಿಂತು ಕೂಗಿದ್ರೂ ಕಲ್ಲು ಕೂತಂಗೆ ಕೂತಿರ್ತೀಯಲ್ಲೋ" ಅಂತ. ನಿಜ ಹೇಳಬೇಕೆಂದರೆ ಹಾಡು ಹಾಕದೇ ಇದ್ದರೆ ಅವ್ವನ ದನಿ ಸಣ್ಣಗೆ ಕೇಳುತ್ತದೆ. ನಾನು ಕೇಳಿಲ್ಲ ಅಂತ ನಟಿಸಿದ್ದೂ ಉಂಟು, ಇದನ್ನು ಅವ್ವ ಓದುವುದಿಲ್ಲ ಅನ್ನೋ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಒಂದು ದಿನ ನಿಜವಾಗಿಯೂ ಕೆಟ್ಟದಾಯಿತು. "ಮೂರು ಸೀಟಿ ಆದ್ಮೇಲೆ ಕುಕ್ಕರ್ ಆರಿಸು, ಗುಡಿಗೆ ಹೋಗಿ ಬರ್ತೀನಿ" ಅಂತ ಹೇಳಿ ಹೋದಳು. ನಾನು ಹಾಡು ಹಾಕಿಕೊಂಡು ಕೂತೆ. ಸೀಟಿಯನ್ನು ಅರ್ಧ ಮೆತ್ತೆ ನುಂಗಿತು, ಇನ್ನರ್ಧ ಹಾಡು ನುಂಗಿತು. ಕೊನೆಗೆ ಮೂಗಿಗೆ ಗೊತ್ತಾಯಿತು. ಬೇಳೆ ಕರಿದ ಮೆಣಸಿನಕಾಯಿ ಬಣ್ಣಕ್ಕೆ ಬಂದಿತ್ತು.

ಅವತ್ತು ಅಪ್ಪ ಅಂದಿದ್ದು, "ನಿಮ್ಮ ದುರ್ಗದ ದೋಸ್ತನಿಗೂ ಹೇಳು. ಓಬವ್ವ ಇದನ್ನ ಹಾಕ್ಕೊಂಡು ನೀರಿಗೆ ಹೋಗಿದ್ರೆ ಕಿಂಡಿ ಹತ್ರ ಪಿಸುಮಾತು ಕೇಳ್ತಿತ್ತಾ?" ಹೇಳಿದ್ದೇನೆ ನೋಡು.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಆಗಿದೆ. ನನ್ನ ಕೋಣೆಯ ಟ್ಯೂಬ್‌ಲೈಟಿನ ಸ್ವಿಚ್ಚು ಬಾಗಿಲ ಹೊರಗಿದೆ. ಅವ್ವ ಒಂದು ಸಲ ಪಟ್ ಅನ್ನಿಸಿದರೆ ಕಾಫಿ, ಎರಡು ಸಲ ಅಂದರೆ ಊಟ. ಸಿಟ್ಟಿನಲ್ಲಿ ನಾಲ್ಕೈದು ಸಲ ಅನ್ನಿಸಿದರೆ ಯಾರೋ ಬಂದಿದ್ದಾರೆ. ಹೊರಗಿನ ಸದ್ದನ್ನು ಬೇಕೆಂದೇ ಒಳಗೆ ಬಿಡುವ ಇನ್ನೊಂದು ಬಟನ್ನೂ ಇದರಲ್ಲಿದೆ. ಆದರೆ ಅವ್ವನಿಗೆ ಸ್ವಿಚ್ಚಿನ ಮೇಲೇ ನಂಬಿಕೆ.

ಬಾಳಿಕೆಯ ವಿಷಯ ಹೇಳುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಕಿವಿ ಮೆತ್ತೆಗಳ ಮೇಲಿನ ತೆಳು ರೆಕ್ಸಿನ್ ಹದಿನಾಲ್ಕು ತಿಂಗಳಿಗೆ ಸಿಪ್ಪೆ ಬಿಡತೊಡಗಿತು. ಕೆನ್ನೆ ಮೇಲೆ, ಕುತ್ತಿಗೆ ಮೇಲೆ ಕರಿ ಕರಿ ಚೂರು. ನಮ್ಮೂರ ಏಪ್ರಿಲ್ ಬೆವರು ಗೊತ್ತಲ್ಲ. ಕಂಪನಿಯವರು ಮೆತ್ತೆಗೆ ಹೇಳಿದ ರೇಟು ಕೇಳಿ ಬೇರೆ ಕಡೆ ಅಗ್ಗದ್ದು ತರಿಸಿದೆ. ತಪ್ಪು ಮಾಡಿದೆ. ಅಗ್ಗದ ಮೆತ್ತೆ ಕಿವಿ ಸುತ್ತ ಸರಿಯಾಗಿ ಕೂರಲಿಲ್ಲ, ಸಂದಿಯಿಂದ ಗಿರಣಿ ವಾಪಸ್ ಬಂತು. ಚಿಪ್ಪು ಎಷ್ಟೇ ಒಳ್ಳೆಯದಿದ್ದರೂ ಮೆತ್ತೆ ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ಎಲ್ಲಾ ದಂಡ. ಕೊನೆಗೆ ಕಂಪನಿಯದ್ದೇ ಹಾಕಿಸಿದೆ. ಈಗ ದಿನಾ ಸಂಜೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ಗಂಟೆಗೊಮ್ಮೆ ತೆಗೆದು ಕಿವಿಗೆ ಗಾಳಿ ಕೊಡುತ್ತೇನೆ.

ಇನ್ನೊಂದು. ಇದನ್ನು ಹಾಕಿಕೊಂಡು ಮಂಡಕ್ಕಿ ತಿನ್ನಬೇಡ. ಹೊರಗಿನ ಸದ್ದು ಹೋದ ಮೇಲೆ ಉಳಿಯುವುದು ನಿನ್ನ ದವಡೆ ಒಂದೇ. ತಲೆಯೊಳಗೇ ಮಂಡಕ್ಕಿ ಭಟ್ಟಿ ಹಚ್ಚಿದ ಹಾಗಾಗುತ್ತದೆ.

ಮೀಟಿಂಗ್ ಇದ್ದಾಗ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿನ ಮೈಕು ಆರಿಸಿಕೊಳ್ಳಬೇಡ. ಮೈಕು ಶುರುವಾದ ತಕ್ಷಣ ಬ್ಲೂಟೂತ್ ಬೇರೆ ದಾರಿಗೆ ಹೊರಳಿಕೊಳ್ಳುತ್ತದೆ, ದನಿ ಹಳೇ ಲ್ಯಾಂಡ್‌ಲೈನಿನ ಥರ ಆಗುತ್ತದೆ. ಕಿವಿಗೆ ಹೆಡ್‌ಫೋನ್, ಮಾತಿಗೆ ಲ್ಯಾಪ್‌ಟಾಪಿನ ಮೈಕು ಅಂತ ಸೆಟ್ಟಿಂಗ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ. ಇದು ಕೆಟ್ಟಿದೆ ಅಂತ ನಾನು ಎರಡು ವಾರ ಗೊಣಗಿದ್ದೆ. ಎಲ್‌ಡಿಎಸಿ, ಎಎಸಿ ಅಂತ ಹೆಸರು ಹೇಳಿ ಹೆದರಿಸುತ್ತಾರೆ, ಬ್ಲೂಟೂತಿನಲ್ಲಿ ಹಾಡು ಕಳಿಸುವ ಬಗೆಗಳು ಅವು, ತಲೆ ಕೆಡಿಸಿಕೊಳ್ಳಬೇಡ. ನಿನ್ನದು ಐಫೋನ್, ಅದರಲ್ಲಿ ಎಲ್‌ಡಿಎಸಿ ಇಲ್ಲವೇ ಇಲ್ಲ. ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟರೆ ನೀರಿಗೆ ಹಾಕಿದ ಹಾಗೆ.

ನನಗೆ ನಿಜವಾದ ಲಾಭ ಆಗಿದ್ದು ವಾಲ್ಯೂಮಿನಲ್ಲಿ. ಮೊದಲು ಗಿರಣಿಯ ಮೇಲೆ ಗೆಲ್ಲಲು ಮುಕ್ಕಾಲಿಗಿಂತ ಮೇಲೆ ಇಡುತ್ತಿದ್ದೆ. ಈಗ ಅರ್ಧಕ್ಕಿಂತ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ ಬರೀ 4 ಗಂಟೆ. ನನ್ನ ಕೆಲಸವೇ ವಾರಕ್ಕೆ 40 ಗಂಟೆ ಮೀರುತ್ತದೆ. ಸಂಜೆ ಕಿವಿಯಲ್ಲಿ ಕುಂಯ್ ಅನ್ನುವುದು ನಿಂತಿದೆ. ಕೊಟ್ಟ ದುಡ್ಡಿಗೆ ಅದೊಂದೇ ಸಾಕು.

ಇಷ್ಟೆಲ್ಲ ಹೊಗಳಿದೆ ಅಂತ ನನ್ನಂಥದ್ದೇ ತಗೋಬೇಡ. ನಿನ್ನ ಸದ್ದೇ ಬೇರೆ. ನಿನಗೆ ಬೇಕಾಗಿರುವುದು ವಾರಕ್ಕೊಮ್ಮೆ ದುರ್ಗದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿಗೆ. ದೊಡ್ಡದನ್ನು ಹಾಕಿಕೊಂಡು ಕಿಟಕಿಗೆ ತಲೆ ಆನಿಸಿದರೆ ಒಂದು ಕಿವಿಯದ್ದು ಸರಿದು ಹೋಗುತ್ತದೆ, ಹಿರಿಯೂರು ದಾಟುವಷ್ಟರಲ್ಲಿ ತೆಗೆದು ಬ್ಯಾಗಿಗೆ ಹಾಕುತ್ತೀಯ. ಜೊತೆಗೆ ನಿನಗೆ ಕನ್ನಡಕ. ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ, ಆ ಸಂದಿ ಸಾಕು ಇಂಜಿನ್ ಸದ್ದು ಒಳಗೆ ಬರಲು. ನಿನಗೆ ಕಿವಿಯೊಳಗೆ ಹಾಕುವ ಬಡ್ಸೇ ಸರಿ. ಎ.ಎನ್.ಸಿ. ಇರುವುದು. ಡಬ್ಬದಲ್ಲಿ ಮೂರು ಅಳತೆಯ ರಬ್ಬರ್ ತುದಿ ಕೊಟ್ಟಿರುತ್ತಾರೆ, ಮೂರನ್ನೂ ಹಾಕಿ ನೋಡು. ನನ್ನ ಎಡ ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಯಿತು ಅಂತ ತಮ್ಮನ ಬಡ್ಸ್ ಹಾಕಿದಾಗ ಗೊತ್ತಾಗಿದ್ದು. ಬಡ್ಸಿನ ಪುಟಾಣಿ ಬ್ಯಾಟರಿ ವರ್ಷ ಕಳೆದ ಹಾಗೆ ಸೊರಗುತ್ತದೆ, ಬದಲಾಯಿಸಲು ಆಗುವುದೂ ಕಷ್ಟ. ತುಂಬಾ ದುಬಾರಿಯದಕ್ಕೆ ಕೈ ಹಾಕಬೇಡ ಅನ್ನುವುದು ಅದಕ್ಕೇ.

ದೊಡ್ಡದೇ ಬೇಕು ಅಂತ ಹಟ ಹಿಡಿದರೆ ಮಡಚುವುದನ್ನು ನೋಡಿ ತಗೋ. ಸೋನಿಯ ಎಕ್ಸ್‌ಎಂ4 ಮಡಚಿ ಮುದ್ದೆಯಾಗುತ್ತದೆ, ಎಕ್ಸ್‌ಎಂ5 ಆಗುವುದಿಲ್ಲ, ಎಕ್ಸ್‌ಎಂ6ಗೆ ಮತ್ತೆ ಮಡಚುವ ಕೀಲು ಬಂದಿದೆ. ಬಸ್ಸಿನ ಬ್ಯಾಗಿಗೆ ಇದು ದೊಡ್ಡ ವಿಷಯ. ಯಾವುದೇ ಇರಲಿ, ಜೋಗಿಮಟ್ಟಿ ಮೇಲೆ ವಾಕಿಂಗ್‌ಗೆ ಹಾಕಿಕೊಂಡು ಹೋಗಿ ಆಮೇಲೆ ನನಗೆ ಬೈಯಬೇಡ. ಕರೆಂಟು ಮಾಡುವ ದೊಡ್ಡ ಗಾಳಿ ಫ್ಯಾನುಗಳು ತಿರುಗುವಷ್ಟು ಗಾಳಿ ಇರುವ ಗುಡ್ಡ ಅದು. ಗಾಳಿ ಮೈಕಿಗೆ ಬಡಿದು ಬುಸುಬುಸು ಅನ್ನುತ್ತದೆ. ರಸ್ತೆ ದಾಟುವಾಗಲಂತೂ ಬೇಡವೇ ಬೇಡ.

ಹೋದ ವಾರ ಗಿರಣಿ ಅಣ್ಣ ಮನೆಗೆ ಬಂದಿದ್ದ. "ಇದನ್ನ ಹಾಕ್ಕೊಂಡ್ರೆ ನನ್ನ ಗಿರಣಿ ಕೇಳಲ್ವಂತಲ್ಲೋ ತಮ್ಮಾ, ಎಲ್ಲಿ ಕೊಡು" ಅಂದ. ಅವನ ಜೊತೆ ಗಿರಣಿಗೇ ಹೋದೆ. ಪಾಳಿಯಲ್ಲಿ ಐದಾರು ಡಬ್ಬಿ. ಹುಡುಗ ಜೋಳ ಸುರಿಯುತ್ತಿದ್ದ. ಅಣ್ಣನ ಕೂದಲು, ರೆಪ್ಪೆ ಎಲ್ಲಾ ಹಿಟ್ಟು, ನಾನು ನನ್ನ ಮೆತ್ತೆಯ ಬಗ್ಗೆ ಮನಸ್ಸಲ್ಲೇ ಅತ್ತೆ. ಹಾಕಿ ಬಟನ್ ಒತ್ತಿದೆ. ಅಣ್ಣ ಒಂದು ಕ್ಷಣ ನಕ್ಕ. ಆಮೇಲೆ ತಿರುಗುವ ಬೆಲ್ಟನ್ನೇ ನೋಡುತ್ತಾ ನಿಂತ. ನಗು ಹೋಯಿತು. ಕೈ ಚಾಚಿ ಹಿಟ್ಟು ಬೀಳುವ ಬಾಯಿಗೆ ಅಂಗೈ ಒಡ್ಡಿದ, ಬೆರಳಲ್ಲಿ ಉಜ್ಜಿ ನೋಡಿದ. ಹೆಡ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಟ.

"ಬ್ಯಾಡಪ್ಪ. ಕಾಳು ಮುಗಿದು ಕಲ್ಲು ಒಣಾ ತಿರುಗಿದ್ರೆ ನನಗೆ ಸದ್ದಿನಾಗೇ ಗೊತ್ತಾಗದು. ಇದನ್ನ ಹಾಕ್ಕೊಂಡ್ರೆ ಕಣ್ಣು ಕಟ್ಟಿದಂಗ ಆಗತೈತಿ."

ಅಷ್ಟರಲ್ಲಿ ನನಗೆ ಏನೂ ವ್ಯತ್ಯಾಸ ಕಾಣದ ಸದ್ದಿಗೆ ಹುಡುಗನ ಕಡೆ ತಿರುಗಿ, "ಲೇ, ಸುರಿ, ಖಾಲಿ ಆತು" ಅಂದ. ಹುಡುಗ ನೋಡಿದರೆ ನಿಜವಾಗಿಯೂ ಖಾಲಿ ಆಗಿತ್ತು. ನಾನು ಎರಡು ವರ್ಷದಿಂದ ದುಡ್ಡು ಕೊಟ್ಟು ಅಳಿಸುತ್ತಿರುವುದು ಇದನ್ನೇ.

ಕೊಳ್ಳುವ ಮೊದಲು ಒಂದು ಸಲ ಬಾ. ನನ್ನದನ್ನೂ ತಮ್ಮನ ಬಡ್ಸನ್ನೂ ಕನ್ನಡಕದ ಸಮೇತ ಹಾಕಿ ನೋಡು, ಆಮೇಲೆ ಬೆಣ್ಣೆದೋಸೆ ತಿನ್ನೋಣ, ಬಿಲ್ಲು ನಿಂದು. ಭಾನುವಾರ ಮಾತ್ರ ಬರಬೇಡ. ಅವತ್ತು ಗಿರಣಿ ರಜಾ, ಪರೀಕ್ಷೆ ಮಾಡಲು ಸದ್ದೇ ಇರುವುದಿಲ್ಲ. ಬಂದಾಗ ಬೆಲ್ ಒತ್ತುತ್ತಾ ನಿಲ್ಲಬೇಡ, ಅವ್ವನಿಗೆ ಹೇಳು. ಸ್ವಿಚ್ಚು ಎಲ್ಲಿದೆ ಅಂತ ಅವಳಿಗೆ ಗೊತ್ತು.

ಇಂತಿ ನಿನ್ನ,
ಗಿರಣಿ ಪಕ್ಕದವನು