ಕಿಟಕಿ ಮೇಲಿಟ್ಟ ಸಿಗಾರ್

ಗೆಳೆಯಾ,

ನಿನ್ನೆ ರಾತ್ರಿ ನಿದ್ದೆಗೆಟ್ಟು ಒಂದು ಮೂಕಿ ಚಿತ್ರ ನೋಡಿದೆ. 1916ರದ್ದು. ಹೆಸರು ಬರೀ 'ಷರ್ಲಾಕ್ ಹೋಮ್ಸ್', ಅಷ್ಟೇ. ನಿನಗೆ ಹೇಳದಿದ್ದರೆ ಸಮಾಧಾನವಿಲ್ಲ.

ಹೋಮ್ಸ್ ಆಗಿರುವುದು ವಿಲಿಯಂ ಜಿಲೆಟ್. ಅಮೆರಿಕದ ನಾಟಕದವನು. 1899ರಲ್ಲಿ ಹೋಮ್ಸ್ ನಾಟಕ ಕಟ್ಟಿ, ರಂಗದ ಮೇಲೆ ಸುಮಾರು 1,300 ಸಲ ಆ ವೇಷ ಹಾಕಿದ ಮನುಷ್ಯ. ಹೋಮ್ಸ್ ಅಂದಕೂಡಲೇ ನಮಗೆ ಡೊಂಕು ಪೈಪು ನೆನಪಾಗುತ್ತದಲ್ವಾ? ಅದನ್ನು ಜನರ ಕಣ್ಣಲ್ಲಿ ಕೂರಿಸಿದವನೂ ಈತನೇ. ಷಿಕಾಗೋದ ಎಸ್ಸನೇ ಕಂಪನಿಯವರು ಆ ನಾಟಕವನ್ನೇ ಚಿತ್ರ ಮಾಡುವಾಗ ಜಿಲೆಟ್‌ಗೆ 62 ವರ್ಷ!

ಮೂಕಿ ಅಂದರೆ ಕೈಕಾಲು ಬೀಸುವುದು, ಕಣ್ಣು ಅರಳಿಸುವುದು ಅಂದುಕೊಂಡಿದ್ದೆ. ಈತ ಹುಬ್ಬನ್ನೂ ಜಾಸ್ತಿ ಎತ್ತುವುದಿಲ್ಲ. ಲಂಡನ್ನಿನ ಒಂದು ಪಾಳು ಕಟ್ಟಡದಲ್ಲಿ ಕೇಡಿಗಳು ಇವನನ್ನು ಸುತ್ತುವರಿಯುತ್ತಾರೆ. ವಿಷದ ಗ್ಯಾಸು ಬಿಟ್ಟು ಮುಗಿಸುವ ಹುನ್ನಾರ. ಹೋಮ್ಸ್ ದೀಪ ಒಡೆದುಹಾಕುತ್ತಾನೆ. ಕತ್ತಲು. ಸಿಗಾರಿನ ಕೆಂಡ ಒಂದೇ ಗುರುತು. ಎಲ್ಲರೂ ಅದರ ಮೇಲೆ ಬಿದ್ದರೆ, ಸಿಗಾರ್ ಕಿಟಕಿಯ ಹತ್ತಿರ ತೆಪ್ಪಗೆ ಉರಿಯುತ್ತಿದೆ. ಆಸಾಮಿ ಬಾಗಿಲಿಂದ ಪರಾರಿ! ನಾಟಕದ ಕಾಲದಿಂದಲೂ ಹೆಸರಾದ ಉಪಾಯ ಇದು. ಗೊತ್ತಿದ್ದೂ ನಾನು ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ಈ ಚಿತ್ರ ಎಷ್ಟೋ ದಶಕ ಕಳೆದೇಹೋಗಿತ್ತು. 2014ರಲ್ಲಿ ಪ್ಯಾರಿಸ್ಸಿನ ಸಿನಿಮಾ ಸಂಗ್ರಹಾಲಯದಲ್ಲಿ ಸಿಕ್ಕಿತು. ಫ್ರಾನ್ಸಿನಲ್ಲಿ ನಾಲ್ಕು ಕಂತು ಮಾಡಿ ತೋರಿಸಿದ್ದ ಪ್ರತಿ, ತೆರೆ ಮೇಲಿನ ಅಕ್ಷರವೆಲ್ಲ ಫ್ರೆಂಚು. ಯಾವ ದೃಶ್ಯಕ್ಕೆ ಯಾವ ಬಣ್ಣ ಅಂತ ನೆಗೆಟಿವ್ ಜೊತೆ ಗುರುತು ಹಾಕಿಟ್ಟಿದ್ದರಂತೆ. ಹಗಲಿಗೆ ಕಿತ್ತಳೆ, ರಾತ್ರಿಗೆ ನೀಲಿ. ಅದನ್ನೇ ನೋಡಿಕೊಂಡು ಬಣ್ಣ ಕೊಟ್ಟು 2015ರಲ್ಲಿ ಮತ್ತೆ ತೆರೆಗೆ ತಂದರು.

ಇನ್ನು ನೀನು ಜಗಳಕ್ಕೆ ಬರುವ ವಿಷಯ. ಇಲ್ಲಿ ಹೋಮ್ಸ್ ಪ್ರೀತಿಯಲ್ಲಿ ಬೀಳುತ್ತಾನೆ ಮಾರಾಯಾ! ಆಲಿಸ್ ಫಾಕ್ನರ್ ಅನ್ನುವ ಹುಡುಗಿ. ಬೈಯಬೇಕೆಂದರೆ ಹೋಮ್ಸ್ ಕತೆ ಬರೆದ ಕಾನನ್ ಡಾಯಲ್‌ಗೇ ಬೈ. ಹೋಮ್ಸ್‌ಗೆ ಮದುವೆ ಮಾಡಿಸಲೇ ಅಂತ ಜಿಲೆಟ್ ತಂತಿ ಕಳಿಸಿದ್ದಕ್ಕೆ, ಮದುವೆಯಾದರೂ ಮಾಡಿಸಿ, ಕೊಂದಾದರೂ ಹಾಕಿ, ನಿಮ್ಮಿಷ್ಟ ಅಂದವರು ಅವರು. ಹೋಮ್ಸ್‌ನ ಗೆಳೆಯ ವಾಟ್ಸನ್ ಬಂದು ಹೋಗುವುದಂತೂ ನೆಂಟರ ಮನೆಗೆ ಬಂದ ಹಾಗೆ.

ಭಾನುವಾರ ಬಾ. ಹತ್ತಿರಹತ್ತಿರ ಎರಡು ಗಂಟೆಯ ಚಿತ್ರ. ಸಿಗಾರ್ ದೃಶ್ಯ ಎರಡು ಸಲ ನೋಡೋಣ. ಪ್ರೀತಿಯ ಭಾಗ ಬಂದಾಗ ನೀನು ಕಾಫಿ ಮಾಡು.

ನಿನ್ನವನೇ