ಮಳೆ ಬಾರದ ದಿನವನ್ನೂ ಲೆಕ್ಕ ಹಾಕಿ

ಸಂಪಾದಕರೇ, ನಮಸ್ಕಾರ.

ಚಳ್ಳಕೆರೆ ತಾಲ್ಲೂಕು ತಳಕು ಹೋಬಳಿಯಲ್ಲಿ ನಾಲ್ಕೂವರೆ ಎಕರೆ ಕೆಂಪು ನೆಲದಲ್ಲಿ ಶೇಂಗಾ ಬೆಳೆಯುವವಳು ನಾನು. ನಿಮ್ಮ ಪತ್ರಿಕೆ ನಮ್ಮೂರಿಗೆ ಬೆಳಗಿನ ಬಸ್ಸಿಗೆ ಬರುತ್ತದೆ. ಮನೆಯಲ್ಲಿ ಮಿಕ್ಕವರು ರಾಜಕೀಯ ಓದುತ್ತಾರೆ, ನಾನು ಮೊದಲು ಹವಾಮಾನದ ಮೂಲೆ ನೋಡುತ್ತೇನೆ. ಆ ಮೂಲೆಯ ಬಗ್ಗೆಯೇ ಈ ಪತ್ರ.

ಪ್ರತಿ ವರ್ಷ ಏಪ್ರಿಲ್ ನಡುವೆ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ‘ಈ ಸಲ ವಾಡಿಕೆ ಮಳೆ’ ಎಂದರೆ ಸಾಕು, ನೀವು ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ನಮ್ಮ ಕಡೆ ಅದನ್ನು ಓದಿ ಬೀಜದ ಕಾಯಿಗೆ ಮುಂಗಡ ಕೊಡುವವರಿದ್ದಾರೆ. ಆದರೆ ಅದು ಇಡೀ ದೇಶದ್ದು, ನಾಲ್ಕು ತಿಂಗಳದ್ದು. 87 ಸೆಂ.ಮೀ. ಸರಾಸರಿಯಲ್ಲಿ ಶೇ 96ರಿಂದ 104ರಷ್ಟು ಬಿದ್ದರೆ ವಾಡಿಕೆ. ನನ್ನ ಹೊಲಕ್ಕೆ ಇದರಿಂದ ಏನು ತಿಳಿಯಬೇಕು ಹೇಳಿ.

2023ನ್ನೇ ನೋಡಿ. ಏಪ್ರಿಲ್‌ನಲ್ಲಿ ಹೇಳಿದ್ದು ಶೇ 96, ಕೊನೆಗೆ ಬಿದ್ದದ್ದು ಶೇ 94. ವ್ಯತ್ಯಾಸ ಎರಡೇ ಎರಡು! ಕಾಗದದ ಮೇಲೆ ಇಷ್ಟು ಹತ್ತಿರದ ಲೆಕ್ಕ ಯಾರಿಗೆ ಸಿಗುತ್ತೆ? ಆದರೆ ನಡುವೆ ಒಂದು ಆಗಸ್ಟ್ ಇತ್ತು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಜುಲೈ ಮತ್ತು ಸೆಪ್ಟೆಂಬರ್‌ನ ಮಳೆ ಅದನ್ನು ಲೆಕ್ಕದಲ್ಲಿ ಮುಚ್ಚಿಹಾಕಿತು.

ನಮ್ಮನೆಯ ಗೋಡೆಯಲ್ಲಿ ಹಳೇ ಕ್ಯಾಲೆಂಡರ್‌ಗಳನ್ನೆಲ್ಲ ಒಂದೇ ಮೊಳೆಗೆ ನೇತು ಹಾಕಿದ್ದೇವೆ. ನಮ್ಮತ್ತೆ ಶುರು ಮಾಡಿದ ರೂಢಿ ಅದು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮಳೆ ಬಂದ ದಿನದ ಮನೆಗೆ ಎಲೆಅಡಿಕೆ ಚೀಲದ ಸುಣ್ಣದಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಜೋರು ಮಳೆಯಾದರೆ ದೊಡ್ಡ ಚುಕ್ಕೆ. ಈಗ ನಾನು ಅಂಕಿ ಬರೆಯುತ್ತೇನೆ. ಮಾಳಿಗೆ ಮೇಲೆ ನೇರ ಗೋಡೆಯ ಸ್ಟೀಲ್ ಡಬ್ಬಿ ಇಟ್ಟಿದ್ದೇನೆ, ಅಳೆಯಲು ಮಗಳ ಸ್ಕೂಲಿನ ಸ್ಕೇಲು.

ಆ ವರ್ಷ ಪುನರ್ವಸು ಮಳೆಗೆ, ಜುಲೈ ಎರಡನೇ ವಾರದಲ್ಲಿ ಬಿತ್ತಿದೆವು. ಮೊಳಕೆ ಚೆನ್ನಾಗಿ ಬಂತು. ಎಡೆಕುಂಟೆ ಹೊಡೆದೆವು, ಕಳೆ ತೆಗೆದೆವು. ಜುಲೈ ಕೊನೆಯಿಂದ ಕ್ಯಾಲೆಂಡರ್‌ನಲ್ಲಿ ಸತತ 26 ಮನೆ ಖಾಲಿ. ಆಶ್ಲೇಷ ಹೋಯಿತು, ಮಘೆ ಬಂತು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅಂತಾರಲ್ಲ, ಆ ಸಲ ಮಗ ಊಟಕ್ಕೇ ಬರಲಿಲ್ಲ.

ಶೇಂಗಾ ಬೆಳೆಯದವರಿಗೆ ಒಂದು ಮಾತು ಹೇಳಬೇಕು. ಈ ಗಿಡ ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ನೆಲಕ್ಕೆ ಚುಚ್ಚಿಕೊಳ್ಳಬೇಕು. ಆಗ ಮಣ್ಣು ಮೆತ್ತಗಿರಬೇಕು. ನಾನು ಮಂಡಿಯೂರಿ ಕೂತು ನೋಡಿದೆ. ಒಂದೊಂದು ಗಿಡದಲ್ಲೂ ಹತ್ತು ಹನ್ನೆರಡು ಸೂಜಿ ಇಳಿದಿವೆ, ತುದಿ ನೆಲಕ್ಕೆ ತಾಗಿ ಕಪ್ಪಗೆ ಒಣಗಿವೆ. ಬೆರಳಿಂದ ಒತ್ತಿದರೆ ಹೆಂಚಿನ ಹಾಗೆ ಗಟ್ಟಿ ಮಣ್ಣು.

ನನ್ನದೂ ಒಂದು ತಪ್ಪಿದೆ. ಕೃಷಿ ಹೊಂಡದಲ್ಲಿ ಒಂದು ಸಲ ಹಾಯಿಸುವಷ್ಟು ನೀರಿತ್ತು. ಗಿಡ ಬಾಡಿದ್ದು ನೋಡಲಾಗದೆ 12ನೇ ದಿನವೇ ಬಿಟ್ಟುಬಿಟ್ಟೆ. ಇನ್ನೂ ಎರಡು ವಾರ ಮಳೆ ಇಲ್ಲ ಅಂತ ಗೊತ್ತಿದ್ದರೆ ಸೂಜಿ ಇಳಿಯುವ ತನಕ ತಡೆಯುತ್ತಿದ್ದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ಎರಡು ವಾರದ ಮುನ್ಸೂಚನೆ ಕೊಡುತ್ತದಂತೆ. ನನಗೆ ಇದು ಗೊತ್ತಾಗಿದ್ದು ಆಮೇಲೆ. ನಿಮ್ಮ ಪತ್ರಿಕೆಯಲ್ಲಿ ಒಂದು ದಿನವೂ ಕಂಡ ನೆನಪಿಲ್ಲ.

ಸೆಪ್ಟೆಂಬರ್‌ನಲ್ಲಿ ಮಳೆ ಬಂತು. ಬಾಡಿದ ಗಿಡ ಚಿಗುರಿ ಹೊಲವೆಲ್ಲ ಹಸಿರಾಯಿತು. ಬೆಳೆ ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಮೊಬೈಲ್‌ನಲ್ಲಿ ಫೋಟೊ ಹೊಡೆದ. ‘ಒಂದು ಗಿಡ ಕಿತ್ತು ನೋಡಪ್ಪಾ’ ಅಂದೆ. ‘ಆ್ಯಪ್‌ನಲ್ಲಿ ಅದಕ್ಕೆ ಜಾಗ ಇಲ್ಲಮ್ಮ’ ಅಂದ. ಪಾಪ, ಅವನದೇನು ತಪ್ಪು? ನಾನೇ ಕಿತ್ತು ತೋರಿಸಿದೆ. ಮೂರು ಕಾಯಿ, ಅದರಲ್ಲಿ ಎರಡು ಜೊಳ್ಳು. ಆ ವರ್ಷ ಇದಕ್ಕೆ ‘ಹಸಿರು ಬರ’ ಅಂತ ಹೆಸರೂ ಬಂತು. ಕೇಂದ್ರದ ತಂಡಕ್ಕೂ ರಾಜ್ಯದವರು ಅದನ್ನೇ ಹೇಳಿದರು.

ಬರ ಘೋಷಣೆ ಆಗಲಿಲ್ಲ ಅಂತ ನಾನು ದೂರುತ್ತಿಲ್ಲ. 236 ತಾಲ್ಲೂಕುಗಳಲ್ಲಿ 223ರಲ್ಲಿ ಆಯಿತು. ರಾಜ್ಯ 18,171 ಕೋಟಿ ಕೇಳಿ, ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂದದ್ದನ್ನು ನೀವೇ ಬರೆದಿದ್ದೀರಿ. ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಬಿತ್ತಿದ ಬೀಜದ ಕಾಯಿಯ ದುಡ್ಡೂ ಅದರಲ್ಲಿ ಹುಟ್ಟಲಿಲ್ಲ. ಆ ಜಗಳ ದೊಡ್ಡವರದು, ಇರಲಿ.

ನನ್ನ ಬೇಡಿಕೆ ನಿಮ್ಮ ಹತ್ತಿರ, ಅದೂ ಚಿಕ್ಕದು. ನಿಮ್ಮ ಮೂಲೆಯಲ್ಲಿ ‘ದಕ್ಷಿಣ ಒಳನಾಡಿನಲ್ಲಿ ವಾಡಿಕೆ ಮಳೆ’ ಎಂದು ಬರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಆ ದಕ್ಷಿಣ ಒಳನಾಡಿನಲ್ಲಿ ಕೊಡಗೂ ಇದೆ, ಶಿವಮೊಗ್ಗವೂ ಇದೆ. ಅಂದರೆ ಆಗುಂಬೆಯೂ ಚಳ್ಳಕೆರೆಯೂ ಒಂದೇ ಪಂಕ್ತಿ! ಅಲ್ಲಿ ಸುರಿದದ್ದಕ್ಕೆ ಇಲ್ಲಿ ನಮ್ಮ ಹೊಟ್ಟೆ ತುಂಬಿತು ಅಂತ ಬರೆದ ಹಾಗಾಯಿತು, ಅಲ್ವಾ?

ಅದರ ಬದಲು ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಹೋಬಳಿವಾರು ಒಂದು ಅಂಕಿ ಹಾಕಿ: ಹದ ಮಳೆ ಬಿದ್ದು ಎಷ್ಟು ದಿನ ಆಯಿತು. 2.5 ಮಿ.ಮೀ. ಬಿದ್ದರೆ ಇಲಾಖೆಯವರು ಅದನ್ನು ಮಳೆ ದಿನ ಅಂತಾರೆ. ಅಷ್ಟು ಬಿದ್ದರೆ ನಮ್ಮ ನೆಲದಲ್ಲಿ ಧೂಳು ಅಡಗುತ್ತದೆ, ಬೇರಿಗೆ ಇಳಿಯುವುದಿಲ್ಲ. ಆದ್ದರಿಂದ 10 ಮಿ.ಮೀ. ಇಟ್ಟುಕೊಳ್ಳಿ. ಕೇಂದ್ರದ 2016ರ ಬರ ಕೈಪಿಡಿಯಲ್ಲೂ ಮಳೆ ಬಿಡುವಿನ ಲೆಕ್ಕ ಇದೆ. ಸತತ ಮೂರು-ನಾಲ್ಕು ವಾರ, ವಾರವಾರವೂ ವಾಡಿಕೆಯ ಅರ್ಧವೂ ಬೀಳದಿದ್ದರೆ ಅದು ಒಣ ಅವಧಿ. ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅಂಕಿ ಹುಡುಕಿಕೊಂಡು ನೀವು ದೂರ ಹೋಗಬೇಕಿಲ್ಲ. ಜೊತೆಗೆ ಗುರುವಾರದ ಮುನ್ಸೂಚನೆಯನ್ನು ಶುಕ್ರವಾರ ಎರಡು ಸಾಲಲ್ಲಿ ಹಾಕಿದರೂ ಸಾಕು. ಹೊಂಡದ ನೀರು ಇವತ್ತು ಬಿಡಬೇಕೋ, ಹತ್ತು ದಿನ ಕಾಯಬೇಕೋ ಅನ್ನುವುದನ್ನು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ.

ಜಾಗ ಇಲ್ಲ ಅನ್ನಬೇಡಿ. ಅದೇ ಮೂಲೆಯಲ್ಲಿ ಸೂರ್ಯೋದಯ, ಸೂರ್ಯಾಸ್ತದ ಸಮಯ ಹಾಕುತ್ತೀರಿ. ಬೇಕಿದ್ದರೆ ಅದನ್ನು ತೆಗೆದುಬಿಡಿ. ಸೂರ್ಯ ಹುಟ್ಟಿದ್ದು ನಮಗೆ ಹೊಲದಲ್ಲೇ ಗೊತ್ತಾಗುತ್ತೆ.

ಇತಿ,
ಒಬ್ಬ ಶೇಂಗಾ ಬೆಳೆಗಾರ್ತಿ
ತಳಕು ಹೋಬಳಿ, ಚಳ್ಳಕೆರೆ ತಾಲ್ಲೂಕು