ಕಾರು ಈಗ ಬೇಡ ಪುಟ್ಟಿ

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಬೆಳಿಗ್ಗೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ನೋಡೋಣ ಬಿಡು" ಅಂತ ಹೇಳಿ ಇಟ್ಟುಬಿಟ್ಟೆ. ಆಮೇಲೆ ಇಡೀ ದಿನ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನಿನ್ನ ಆಫೀಸಿನವರೊಬ್ಬರು ಹಳೇ ಕಾರು ಮಾರುತ್ತಿದ್ದಾರೆ, ಕಡಿಮೆಗೆ ಕೊಡುತ್ತಾರೆ, ನಾವು ಮತ್ತೆ ಬಂದಾಗ ಅಮ್ಮನ ಮಂಡಿಗೆ ತೊಂದರೆ ಆಗಬಾರದು, ತಗೊಳ್ಳಲಾ ಅಪ್ಪಾಜಿ ಅಂದೆ. ಅಮ್ಮನಿಗೋಸ್ಕರ ಅಂದ ಮೇಲೆ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೇಡ ಪುಟ್ಟಿ. ಈಗಂತೂ ಬೇಡ.

ನಾನು 31 ವರ್ಷ ಟಿಕೆಟ್ ಹರಿದವನು. ಚಿತ್ರದುರ್ಗ, ಹಿರಿಯೂರು ಲೈನಿನಲ್ಲಿ ಎಷ್ಟು ಟ್ರಿಪ್ ಹೊಡೆದೆನೋ ಲೆಕ್ಕ ಇಟ್ಟಿಲ್ಲ. ಡಿಪೋದಲ್ಲಿ ದಿನಾ ಕೇಳುತ್ತಿದ್ದ ಮಾತು ಕೆಎಂಪಿಎಲ್, ಅಂದರೆ ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಎಷ್ಟು ಕಿಲೋಮೀಟರ್ ಕೊಟ್ಟಿತು ಅನ್ನೋದು. ಸುಮಾರು 5 ಬಂದರೆ ಡ್ರೈವರ್ ಮುಖ ಅರಳುತ್ತಿತ್ತು. ಬರೀ 5 ಅಲ್ವಾ, ಕಾರು 15 ಕೊಡುತ್ತದೆ ಅಂತ ಜನ ಹೇಳುತ್ತಾರೆ. ಆದರೆ ಬಸ್ಸಿನಲ್ಲಿ 50 ಜನ ಕೂತಿರುತ್ತಾರೆ. ಒಂದು ಲೀಟರಿನಲ್ಲಿ 50 ಜನರನ್ನು 5 ಕಿಲೋಮೀಟರ್ ಮುಂದೆ ಇಳಿಸುತ್ತೇವೆ. ಅದೇ ಲೀಟರಿನಲ್ಲಿ ಕಾರು ಒಬ್ಬರನ್ನು 15 ಕಿಲೋಮೀಟರ್ ಒಯ್ಯುತ್ತದೆ. ನೀನು ಇಂಜಿನಿಯರು, ಗುಣಾಕಾರ ನಾನು ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಭದ್ರಾ ನಾಲೆಯ ಕೊನೇ ಭಾಗದ ರೈತರು ಒಣಗಿದ ಗದ್ದೆ ನೋಡುತ್ತಾ ನಿಂತಿದ್ದರಲ್ಲ, ನಿನ್ನ ಚಿಕ್ಕಪ್ಪನೂ ಅದರಲ್ಲಿ ಒಬ್ಬ. ಒಂದು ಕಾರಿನ ಹೊಗೆಯಿಂದ ಮಳೆ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಪಾಲು ಹೊಗೆ ಕಡಿಮೆ ಮಾಡೋದು ಕೈಯಲ್ಲೇ ಇರುವಾಗ ಯಾಕೆ ಜಾಸ್ತಿ ಮಾಡಬೇಕು?

ಹೋದ ಸಲ ಜರ್ಮನಿಗೆ ಬಂದಾಗ ನಿನ್ನ ಕಾರ್ಲ್ಸ್‌ರೂಯಿ ಊರು ನನಗೆ ಹಿಡಿಸಿಬಿಟ್ಟಿತ್ತು. ಮೊದಲನೇ ದಿನ ಮಾತ್ರ ದಿಗಿಲಾಯಿತು. ಟ್ರಾಮಿಗೆ, ಅಂದರೆ ಬೀದಿ ಮೇಲಿನ ಹಳಿಯಲ್ಲಿ ಓಡುವ ಸಣ್ಣ ರೈಲಿಗೆ, ಗೇಟ್ ಇಲ್ಲ, ಕಂಡಕ್ಟರ್ ಇಲ್ಲ, ಯಾರೂ ಟಿಕೆಟ್ ಕೇಳಲ್ಲ, ಜನ ಸುಮ್ನೆ ಹತ್ತಿ ಸುಮ್ನೆ ಇಳಿಯುತ್ತಾರೆ. ಇದು ನಡೆಯೋದು ಹೇಗೆ ಅಂತ ನಿನ್ನನ್ನು ಕೇಳಿ ಕೇಳಿ ಸಾಕು ಮಾಡಿದೆ. ನಾಲ್ಕನೇ ದಿನ ನಮ್ಮ ಪಕ್ಕ ಸಾದಾ ಬಟ್ಟೆಯಲ್ಲಿ ಕೂತಿದ್ದವರೇ ಎದ್ದು ಗುರುತಿನ ಚೀಟಿ ತೋರಿಸಿ ಚೆಕಿಂಗ್ ಶುರು ಮಾಡಿದರು ನೋಡು, ಆಗ ಸಮಾಧಾನ ಆಯಿತು. ಟಿಕೆಟ್ ಇಲ್ಲದವರಿಗೆ 60 ಯೂರೋ ದಂಡ. ಕೂಗಾಟ ಇಲ್ಲ, ಅವಮಾನ ಇಲ್ಲ. ಚೀಟಿ ಬರೆದು ಕೊಟ್ಟರು, ಅಷ್ಟೇ. ನನ್ನ ಸರ್ವೀಸಿನಲ್ಲಿ ಚಿಲ್ಲರೆಗೋಸ್ಕರ ಆದ ಜಗಳಗಳೆಲ್ಲಾ ನೆನಪಾಗಿ ನಾನು ಚೆಕಿಂಗ್ ಮಾಡಿದ ಆ ಹೆಣ್ಣುಮಗಳನ್ನೇ ನೋಡುತ್ತಾ ಕೂತಿದ್ದೆ.

ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಹುಟ್ಟಿದ್ದು ನಿನ್ನ ಊರಿನಲ್ಲೇ, 1844ರಲ್ಲಿ ಅಂತ ನೀನೇ ಹೇಳಿದ್ದೆ. ಸೈಕಲ್ಲಿಗೆ ಅಜ್ಜ ಅನ್ನಬಹುದಾದ ಓಡುವ ಗಾಡಿ ಮಾಡಿದ ಡ್ರೈಸ್ ಕೂಡ ಅಲ್ಲಿಯವರೇ. 1817ರ ಮಾತು. ಆದರೆ ನನ್ನ ತಲೆ ತಿರುಗಿಸಿದ್ದು ಟ್ರಾಮು. ಪೇಟೆ ಬೀದಿಯಲ್ಲಿ ಮೆಲ್ಲಗೆ ಬರುವ ಟ್ರಾಮೇ ಊರ ಹೊರಗೆ ಹೋಗಿ ದೊಡ್ಡ ರೈಲಿನ ಹಳಿ ಹತ್ತಿ ಹಳ್ಳಿಗಳ ಕಡೆ ಓಡುತ್ತದಲ್ಲ! ನಮ್ಮ ಪಿ.ಬಿ. ರಸ್ತೆಯ ಸಿಟಿ ಬಸ್ಸು ಹಾಗೇ ಹಳಿ ಹತ್ತಿ ಚಿಕ್ಕಜಾಜೂರಿಗೆ ಹೋದರೆ ಹೇಗಿರುತ್ತೆ, ಹಾಗೆ. ಊರೊಳಗೆ 750 ವೋಲ್ಟ್, ರೈಲಿನ ಹಳಿ ಮೇಲೆ 15,000 ವೋಲ್ಟ್, ಎರಡರಲ್ಲೂ ಓಡುವ ಗಾಡಿ ಮಾಡಿ 1992ರಲ್ಲಿ ಹತ್ತಿರದ ಊರು ಬ್ರೆಟ್ಟನ್‌ವರೆಗೆ ಓಡಿಸಿದರಂತೆ. ಹಳ್ಳಿಯವರು ಪೇಟೆಗೆ ಬರೋಕೆ ಇಳಿದು ಹತ್ತೋ ಕಷ್ಟ ತಪ್ಪಿತು. ಇಳಿದು ಹತ್ತೋದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಗೊತ್ತು. ಚಿತ್ರದುರ್ಗದ ನಿನ್ನ ಅತ್ತೆ ಇವತ್ತಿಗೂ ಮೈನ್ ಲೈನ್ ರೈಲು ಹಿಡಿಯೋಕೆ ಚಿಕ್ಕಜಾಜೂರಿಗೆ ಬರಬೇಕು. ತುಮಕೂರು–ದಾವಣಗೆರೆ ನೇರ ಹಳಿ ಮುಗಿಯಲಿ ಅಂತ ಕಾಯುತ್ತಲೇ ಇದ್ದಾರೆ.

ನಿನಗೆ ಟಿಕೆಟ್ ವಿಷಯ ಗೊತ್ತು. ಆದರೂ ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮಮ್ಮನಿಗೆ ಅರ್ಥವಾದ ರೀತಿ ಚೆನ್ನಾಗಿದೆ. ಡಾಯ್ಚ್‌ಲಾಂಡ್ ಟಿಕೆಟ್ ಅಂದರೇನು ಅಂತ ಕೇಳಿದಾಗ ನೀನು ಹತ್ತು ನಿಮಿಷ ವಿವರಿಸಿದೆ. ಅವಳು "ನಮ್ಮ ಶಕ್ತಿ ಟಿಕೆಟ್ ಇದ್ದ ಹಾಗೆ ಅನ್ನು, ಇದಕ್ಕೆ ದುಡ್ಡು ಕೊಡಬೇಕು ಅಷ್ಟೇ" ಅಂದಳು. ಸರಿಯಾಗೇ ಹೇಳಿದಳು. 2023ರ ಜೂನ್ 11ರಿಂದ ಅವಳು ಆಧಾರ್ ತೋರಿಸಿ ಪಿಂಕ್ ಟಿಕೆಟ್ ತಗೊಂಡು ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಹತ್ತುತ್ತಾಳೆ, ರಾಜಹಂಸಕ್ಕೆ ನಡೆಯಲ್ಲ. ಅಲ್ಲೂ ಹಾಗೇ. ಟ್ರಾಮು, ಸಿಟಿ ಬಸ್ಸು, ಆರ್‌ಇ, ಆರ್‌ಬಿ ಅನ್ನೋ ಹತ್ತಿರದ ಊರುಗಳ ರೈಲು ಎಲ್ಲಾ ದೇಶದ ಉದ್ದಕ್ಕೂ ಆಗುತ್ತದೆ, ದೂರದ ವೇಗದ ರೈಲು ಐಸಿಇ, ಐಸಿ ಹತ್ತುವ ಹಾಗಿಲ್ಲ. ಅದೂ ಶುರುವಾಗಿದ್ದು ಅದೇ 2023ರಲ್ಲಿ, ಮೇ ತಿಂಗಳಲ್ಲಿ. ಆಗ 49 ಯೂರೋ ಇತ್ತು, 2025ಕ್ಕೆ 58 ಮಾಡಿದರು, 2026ರ ಜನವರಿಯಿಂದ 63. ನಮ್ಮ ದುಡ್ಡಿನಲ್ಲಿ ತಿಂಗಳಿಗೆ ಆರು ಸಾವಿರದ ಮೇಲಾಗುತ್ತದೆ, ಸಣ್ಣ ಮೊತ್ತ ಏನಲ್ಲ. ಆದರೆ ಕಾರಿನ ಇನ್ಶೂರೆನ್ಸ್, ಟ್ಯಾಕ್ಸ್, ಪಾರ್ಕಿಂಗ್, ಚಳಿಗಾಲದ ಬೇರೆ ಟೈರು, ಎರಡು ವರ್ಷಕ್ಕೊಮ್ಮೆ ತಪಾಸಣೆ, ಇದನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು ನೋಡು. ಕಾರು ಕಡಿಮೆಗೆ ಸಿಕ್ಕಿತು ಅನ್ನೋದು ಮೊದಲನೇ ದಿನದ ಮಾತು.

ಈಗ ಆ ಲಿಫ್ಟಿನ ವಿಷಯಕ್ಕೆ ಬರುತ್ತೇನೆ. ನಿನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು ಅದೇ ಅಂತ ನನಗೆ ಗೊತ್ತು.

ಅವತ್ತು ರೈಲು ಮುಕ್ಕಾಲು ಗಂಟೆ ತಡ, ಮುಂದಿನದು ತಪ್ಪಿಹೋಯಿತು, ಪ್ಲಾಟ್‌ಫಾರಂ ಬದಲಾಯಿತು, ಹೋಗಿ ನೋಡಿದರೆ ಲಿಫ್ಟ್ ಕೆಟ್ಟಿತ್ತು. ನಿಮ್ಮಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವಾಗ ನೀನು ಹಿಂದೆ ನಿಂತು ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ. ನನಗೂ ಬೇಜಾರಾಯಿತು. ಆ ತಡ, ಆ ಲಿಫ್ಟು, ಎರಡೂ ತಪ್ಪೇ, ನಾನು ಅದನ್ನು ಮುಚ್ಚಿಡಲ್ಲ. 2024ರಲ್ಲಿ ಆ ದೇಶದ ದೂರದ ರೈಲುಗಳಲ್ಲಿ ನೂರಕ್ಕೆ 62 ಚಿಲ್ಲರೆ ಮಾತ್ರ ಸಮಯಕ್ಕೆ ಬಂದಿದ್ದು, ಅದೂ ಆರು ನಿಮಿಷದ ಒಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ಹಿಡಿಯದೆ.

ಆದರೆ ಆವತ್ತು ನಮ್ಮ ಕೈಯಲ್ಲೂ ಒಂದಷ್ಟು ಇತ್ತು. ಯಾವ ಸ್ಟೇಷನ್ನಿನ ಲಿಫ್ಟ್ ಕೆಲಸ ಮಾಡುತ್ತಿದೆ ಅಂತ ಫೋನಿನಲ್ಲೇ ನೋಡಬಹುದು ಅಂತ ಆಮೇಲೆ ನೀನೇ ತೋರಿಸಿದೆ. ದೊಡ್ಡ ಸ್ಟೇಷನ್ನುಗಳಲ್ಲಿ ಹಿಂದಿನ ದಿನವೇ ತಿಳಿಸಿದರೆ ಹತ್ತಿಸಿ ಇಳಿಸೋಕೆ ಜನ ಬರುತ್ತಾರೆ. ಐದು ನಿಮಿಷದ ಅಂತರದಲ್ಲಿ ರೈಲು ಬದಲಾಯಿಸುವ ದಾರಿಯನ್ನು ಆಪ್ ತೋರಿಸಿದರೂ ನಾವು ತಗೊಳ್ಳಬಾರದು, ಅರ್ಧ ಗಂಟೆ ಬಿಟ್ಟು ಮುಂದಿನದು ಹಿಡಿಯೋಣ. ಕೂತು ಕಾಫಿ ಕುಡಿದರೆ ಅರ್ಧ ಗಂಟೆ ಹೋಗೋದು ಗೊತ್ತಾಗಲ್ಲ. ವಿಮಾನ ಇಳಿದ ದಿನ, ಚೀಲ ಜಾಸ್ತಿ ಇರುವ ದಿನ, ಫ್ರಾಂಕ್‌ಫರ್ಟ್‌ನಿಂದ ಐಸಿಇಗೇ ಬರೋಣ. ಒಂದು ಗಂಟೆ ಚಿಲ್ಲರೆಯ ದಾರಿ. ಅವತ್ತು ದುಡ್ಡಿನ ಮುಖ ನೋಡಬೇಡ. ಮುಂಚೆ ಬುಕ್ ಮಾಡಿದರೆ ಕಡಿಮೆಗೂ ಸಿಗುತ್ತದೆ. ಗಂಟೆಗಿಂತ ಜಾಸ್ತಿ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸ್ ಕೇಳಬಹುದು, ಬಿಡಬೇಡ, ಕೇಳು. ಇನ್ನೊಂದು, ಕೆಲವು ರೈಲನ್ನು ನಡುದಾರಿಯಲ್ಲಿ ಕಡಿದು ಎರಡು ಕಡೆ ಕಳಿಸುತ್ತಾರೆ. ನಾವು ಹತ್ತೋ ಬೋಗಿ ಎಲ್ಲಿಗೆ ಅಂತ ಅದರ ಬೋರ್ಡ್ ಓದಿ ಹತ್ತಬೇಕು.

ಕಾರಿದ್ದರೆ ಇದ್ಯಾವ ತಾಪತ್ರಯವೂ ಇಲ್ಲ ಅಂತ ಅನ್ನಿಸಬಹುದು. ಆದರೆ ಓಡಿಸೋರು ಯಾರವ್ವ? ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ನಿನಗೆ ಅದು ಮುಗಿದು ಎಷ್ಟೋ ದಿನ ಆಯಿತು. ಹೊಸದಾಗಿ ಬರವಣಿಗೆ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. ಲೈಸೆನ್ಸ್ ಮಾಡಿಸಿಕೋ, ಅದಕ್ಕೆ ನಾನು ಬೇಡ ಅನ್ನಲ್ಲ. ನಿನ್ನ ಊರಿನಲ್ಲಿ ಹಂಚಿಕೊಂಡು ಓಡಿಸುವ ಕಾರುಗಳು ಬೀದಿ ಬೀದಿಯಲ್ಲೂ ನಿಂತಿರುತ್ತವೆ. ನಿಜವಾಗಲೂ ಕಾರು ಬೇಕಾದ ದಿನ ಗಂಟೆ ಲೆಕ್ಕದಲ್ಲಿ ತಗೊಂಡರಾಯಿತು. ವರ್ಷದಲ್ಲಿ ಅಂಥ ದಿನ ಹತ್ತು ಬಂದಾವು. ಹತ್ತು ದಿನಕ್ಕೆ ಒಂದು ಕಾರು ಕಟ್ಟಿಕೊಂಡು ಉಳಿದ ದಿನ ಅದನ್ನು ನಿಲ್ಲಿಸೋಕೆ ಜಾಗ ಹುಡುಕೋದು ಯಾಕೆ?

ಕಪ್ಪು ಕಾಡು ಅನ್ನೋ ಬೆಟ್ಟಗಾಡಿನ ರೈಲಿನಲ್ಲಿ ಕೊನ್‌ಸ್ಟಾನ್ಸ್‌ಗೆ ಹೋದ ದಿನ ನೆನಪಿದೆಯಾ? ಅದೇ 63ರ ಟಿಕೆಟ್ಟಿನಲ್ಲಿ, ಸುಮಾರು ಮೂರು ಗಂಟೆ. 1873ರಲ್ಲಿ ಮುಗಿಸಿದ ಹಳಿ, 39 ಸುರಂಗ. ನಿಮ್ಮಮ್ಮ ಬೆರಳು ಮಡಚಿ ಎಣಿಸುತ್ತಿದ್ದಳು, ನೀನು ಮಾತಾಡಿಸಿ ಲೆಕ್ಕ ತಪ್ಪಿಸಿದೆ, ಅವಳು ಸಿಟ್ಟಾಗಿ "ಸಕಲೇಶಪುರದ ಘಾಟಿಯಲ್ಲಿ 57 ಇದೆ, ಅದನ್ನೇ ಎಣಿಸಿದವಳು ನಾನು" ಅಂದಳು. ಎದುರು ಸೀಟಿನ ಅಜ್ಜಿಗೆ ನಮ್ಮ ಮಾತು ಒಂದಕ್ಷರ ತಿಳಿಯದಿದ್ದರೂ ನಕ್ಕು, ಮುಂದಿನ ಸುರಂಗ ಬಂದ ಕೂಡಲೇ ತಾನೂ ಒಂದು ಬೆರಳು ಎತ್ತಿದರು. ಅಲ್ಲಿಂದ ಇಬ್ಬರೂ ಸೇರಿ ಎಣಿಸಿದರು. ಇಳಿಯುವಾಗ ಅವರು ನಿಮ್ಮಮ್ಮನ ಕೈ ಹಿಡಿದು ಇಳಿಸಿದರು. ಮನೆಗೆ ಬಂದ ನೆಂಟರಿಗೆಲ್ಲಾ ಅವಳು ಹೇಳೋದು ಈ ಅಜ್ಜಿಯ ಕಥೆ. ಮೆಟ್ಟಿಲಿನ ಕಥೆ ಒಂದು ಸಲವೂ ಹೇಳಿಲ್ಲ.

ಇನ್ನೊಂದು ಮಾತು ಇದೆ, ಫೋನಿನಲ್ಲಿ ಹೇಳೋಕೆ ಆಗಲ್ಲ. ನೀನು ಅಲ್ಲಿ ಒಬ್ಬಳೇ ಇದ್ದೀಯ. ಹೋದ ಹೊಸದರಲ್ಲಿ ವಾರಗಟ್ಟಲೆ ಆಫೀಸು ಬಿಟ್ಟು ಯಾರ ಜೊತೆಗೂ ಮಾತಿಲ್ಲ ಅಂತ ಅತ್ತಿದ್ದೆ. ಈಗ ನಿನ್ನ ಮಾತಿನಲ್ಲಿ ಬರುವ ಜನ ಯಾರು? ಏಳೂ ಇಪ್ಪತ್ತರ ಟ್ರಾಮಿನಲ್ಲಿ ನಾಯಿ ಜೊತೆ ಬರುವ ಮಾಸ್ತರು, ಜರ್ಮನ್ ತಪ್ಪು ತಿದ್ದುವ ನರ್ಸು, ನೀನು ಓಡಿ ಬರೋದು ಕಂಡರೆ ಬಾಗಿಲು ತೆರೆದು ಕಾಯುವ ಡ್ರೈವರಮ್ಮ. ಎಲ್ಲಾ ಟ್ರಾಮಿನಲ್ಲಿ ಸಿಕ್ಕವರೇ. ನನಗೆ ನಮ್ಮ ಬಸ್ಸಿನವರು ಹಾಗೇ ಇದ್ದರು. ಭರಮಸಾಗರದಲ್ಲಿ ಹತ್ತುತ್ತಿದ್ದ ಹೂವಿನ ಅಮ್ಮ ಎರಡು ದಿನ ಕಾಣದಿದ್ದರೆ ಮೂರನೇ ದಿನ ಅಲ್ಲಿನವರನ್ನು ಕೇಳುತ್ತಿದ್ದೆ. ಕಾರಿನಲ್ಲಿ ಬಾಗಿಲು ಹಾಕಿಕೊಂಡು ಮನೆಯಿಂದ ಆಫೀಸು, ಆಫೀಸಿನಿಂದ ಮನೆ ಅಂತ ನೀನು ಓಡಾಡುವುದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರಲ್ಲ.

ಪ್ಯಾರಿಸ್ ನೋಡಬೇಕು ಅಂತ ಅಮ್ಮನ ಆಸೆ. ವಿಮಾನ ಹುಡುಕಬೇಡ, ನಿಮ್ಮ ಊರಿಂದಲೇ ನೇರ ರೈಲು ಇದೆಯಲ್ಲ, ಎರಡೂವರೆ ಗಂಟೆ ಆಸುಪಾಸು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಗಡಿಯ ಈಚೆ ಇರುವ ಕೇಲ್‌ನಿಂದ ಟ್ರಾಮಿನಲ್ಲೇ ರೈನ್ ನದಿ ದಾಟಿಸುತ್ತೇನೆ ಅಂದಿದ್ದೆ, ಅದನ್ನೂ ಮರೆಯಬೇಡ. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದ ಹಾಗೆ ಬೇರೆ ದೇಶಕ್ಕೆ ಹೋಗೋದು ನನಗೂ ನೋಡಬೇಕು.

ನಮ್ಮ ವಿಮಾನದ ಟಿಕೆಟ್ ತಿಂಗಳ ಮೊದಲನೇ ವಾರಕ್ಕೆ ಮಾಡು, ಆಗ ಒಂದು ತಿಂಗಳ ಪಾಸು ಪೂರ್ತಿ ಉಪಯೋಗಕ್ಕೆ ಬರುತ್ತದೆ. ಹತ್ತನೇ ತಾರೀಕಿನ ಒಳಗೆ ರದ್ದು ಮಾಡೋದು ಮರೆತರೆ ಮುಂದಿನ ತಿಂಗಳದ್ದೂ ಕಟ್ಟಾಗುತ್ತದೆ, ಹೋದ ಸಲ ಹಾಗೇ ಆಯಿತಲ್ಲ. ಅಮ್ಮ ಈಗ ದಿನಾ ಬೆಳಿಗ್ಗೆ ಫಿಸಿಯೋ ಹೇಳಿಕೊಟ್ಟ ಮಂಡಿ ವ್ಯಾಯಾಮ ಮಾಡುತ್ತಿದ್ದಾಳೆ, ನಿನಗೆ ಹೇಳಬೇಡ ಅಂದಿದ್ದಾಳೆ. ಶೇಂಗಾ ಚಟ್ನಿಪುಡಿ ಎಷ್ಟು ತರಬೇಕು ಬರಿ. ನಾಳೆ ಆಫೀಸಿಗೆ ಹೋದ ತಕ್ಷಣ ಆ ಕಾರಿನವರಿಗೆ ಬೇಡ ಅಂತ ಹೇಳಿಬಿಡು, ಪಾಪ ನಿನಗೋಸ್ಕರ ಕಾಯುತ್ತಿರುತ್ತಾರೆ.

ಇಂತಿ ನಿನ್ನ
ಅಪ್ಪಾಜಿ